ಕರೆ ಮಾಡುವ ಟ್ಯಾಬ್

ಸಿಮ್ ಹಾಕುವ ಟ್ಯಾಬ್ಲೆಟ್‌ಗಳಲ್ಲಿ ಎರಡು ಬಗೆ. ಮೊದಲನೆಯದು ಸಿಮ್ಮಿನಿಂದ ಇಂಟರ್‌ನೆಟ್ ಮಾತ್ರ ಪಡೆಯುತ್ತದೆ. ಎರಡನೆಯದರಲ್ಲಿ ಅದೇ ಸಿಮ್ಮಿನ ಸಂಖ್ಯೆಯಿಂದ ಕರೆ ಮಾಡಬಹುದು, ಎಸ್ಸೆಮ್ಮೆಸ್ಸನ್ನೂ ಕಳಿಸಬಹುದು. ಮೊಬೈಲ್ ಅಂಗಡಿಯವರು ಇದನ್ನು ‘ಕಾಲಿಂಗ್ ಟ್ಯಾಬ್’ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣದು. ಒಳಗೂ ವ್ಯತ್ಯಾಸ ಅಲ್ಪವೇ. ಮೊಬೈಲ್ ಗೋಪುರದೊಂದಿಗೆ ವ್ಯವಹರಿಸುವ ಮೋಡೆಮ್ ಎರಡರಲ್ಲೂ ಇದೆ, ಐಎಂಇಐ ಸಂಖ್ಯೆಯೂ ಇದೆ. ಆಂಡ್ರಾಯ್ಡ್ ತಂತ್ರಾಂಶದಲ್ಲಂತೂ ಈ ಸಾಧನಕ್ಕೆ ಕರೆ ಮಾಡಲು ಬರುತ್ತದೆಯೇ, ಸಂದೇಶ ಕಳಿಸಲು ಬರುತ್ತದೆಯೇ ಎಂಬುದಕ್ಕೆ ತಯಾರಕರು ಹೌದು ಅಥವಾ ಇಲ್ಲ ಎಂದು ತುಂಬಿಡುವ ಎರಡು ಬೇರೆ ಬೇರೆ ಗುರುತುಗಳಿವೆ. ‘ಇಲ್ಲ’ ಎಂದು ತುಂಬಿದರೆ ಕರೆಯ ಗುಂಡಿಯೇ ತೆರೆಯ ಮೇಲೆ ಮೂಡುವುದಿಲ್ಲ. ಆ ಉತ್ತರವನ್ನು ಯಾರು, ಎಲ್ಲಿ, ಯಾವ ಲೆಕ್ಕಾಚಾರದಿಂದ ತುಂಬಿದರು ಎಂಬುದೇ ಕರೆ ಮಾಡುವ ಟ್ಯಾಬ್‌ನ ಚರಿತ್ರೆ. ಅದರ ದೊಡ್ಡ ಅಧ್ಯಾಯ ನಡೆದದ್ದು ಭಾರತದಲ್ಲಿ.

ಟ್ಯಾಬ್ಲೆಟ್ಟಿಗೂ ಫೋನಿಗೂ ನಂಟು ಐಪ್ಯಾಡ್‌ಗಿಂತ ಬಹಳ ಹಳೆಯದು. 1993ರಲ್ಲಿ ಅಮೆರಿಕದ ಈಒ ಎಂಬ ಕಂಪನಿ ‘ಪರ್ಸನಲ್ ಕಮ್ಯುನಿಕೇಟರ್’ ಹೆಸರಿನ ಸಾಧನವನ್ನು ಮಾರಾಟಕ್ಕೆ ತಂದಿತು. ಕಂಪನಿಯಲ್ಲಿ ಎಟಿ ಅಂಡ್ ಟಿಯ ಹಣವಿತ್ತು, ಸಾಧನದೊಳಗಿನ ‘ಹಾಬಿಟ್’ ಚಿಪ್ ಕೂಡ ಎಟಿ ಅಂಡ್ ಟಿಯದೇ. ಲೇಖನಿಯಂಥ ಕಡ್ಡಿಯಿಂದ ತೆರೆಯ ಮೇಲೆ ಬರೆಯುವ, ಸುಮಾರು ಒಂದು ಕಿಲೋ ತೂಗುವ ಆ ಹಲಗೆಗೆ ಬೇಕಾದವರು ಸೆಲ್ಯುಲಾರ್ ಫೋನಿನ ಭಾಗವನ್ನೂ ಜೋಡಿಸಿಕೊಳ್ಳಬಹುದಿತ್ತು. ಅದರಿಂದ ಮಾತಾಡಬಹುದಿತ್ತು, ಫ್ಯಾಕ್ಸ್ ಕಳಿಸಬಹುದಿತ್ತು, ಇ-ಮೇಲ್ ನೋಡಬಹುದಿತ್ತು. ಅದೇ ವರ್ಷ ಎಟಿ ಅಂಡ್ ಟಿ ಪ್ರಸಾರ ಮಾಡಿದ ಟಿವಿ ಜಾಹೀರಾತಿನಲ್ಲಿ ಒಬ್ಬಾತ ಕಡಲತೀರದಲ್ಲಿ ಕುಳಿತು ಇಂಥ ಹಲಗೆಯಿಂದ ಫ್ಯಾಕ್ಸ್ ಕಳಿಸುತ್ತಾನೆ. ಜಾಹೀರಾತು ಜನರ ನೆನಪಿನಲ್ಲಿ ಉಳಿಯಿತು, ಸಾಧನ ಉಳಿಯಲಿಲ್ಲ. ಬೆಲೆ ದುಬಾರಿ, ಕೊಂಡವರು ಕೆಲವೇ ಮಂದಿ. 1994ರ ಮಧ್ಯದಲ್ಲಿ ಕಂಪನಿ ಬಾಗಿಲು ಹಾಕಿತು. ಆದರೂ ಟ್ಯಾಬ್ಲೆಟ್ ಎಂಬ ವಸ್ತುವನ್ನು ಮಾರುಕಟ್ಟೆಗೆ ತಂದ ಮೊದಮೊದಲಿನವರು ಅದರಲ್ಲಿ ಫೋನ್ ಇರುವುದು ಸಹಜವೆಂದೇ ತಿಳಿದಿದ್ದರು ಎಂಬುದು ಗಮನಿಸಬೇಕಾದ ಸಂಗತಿ. ಮುಂದೆ ಬಂದ ತಿಳಿವಳಿಕೆ ಇದಕ್ಕೆ ತದ್ವಿರುದ್ಧ.

1994ರಲ್ಲಿ ಐಬಿಎಂನ ‘ಸೈಮನ್’ ಬಂತು. ಫೋನಿನೊಳಗೇ ಚಿಕ್ಕ ಕಂಪ್ಯೂಟರನ್ನು ಅಡಗಿಸಿದ ಸಾಧನ ಅದು. ಅಲ್ಲಿಂದ ಮುಂದೆ ಎರಡು ದಾರಿಗಳು ಕವಲೊಡೆದವು. ಅಂಗೈಯಲ್ಲಿ ಹಿಡಿಯುವ ಸಾಧನಗಳಿಗೆ ಫೋನ್ ಸೇರಿತು, ದೊಡ್ಡ ತೆರೆಯ ಸಾಧನಗಳಿಂದ ಅದು ದೂರ ಸರಿಯಿತು. ಫೋನ್ ತಯಾರಿಕೆಯಲ್ಲಿ ಜಗತ್ತಿಗೇ ಮುಂದಿದ್ದ ನೋಕಿಯಾ 2005ರಲ್ಲಿ ‘770 ಇಂಟರ್‌ನೆಟ್ ಟ್ಯಾಬ್ಲೆಟ್’ ಹೊರತಂದಾಗ ಅದರಲ್ಲಿ ಸಿಮ್ಮಿಗೆ ಜಾಗವನ್ನೇ ಇಡಲಿಲ್ಲ. ವೈಫೈ ಇಲ್ಲದ ಕಡೆ ಇಂಟರ್‌ನೆಟ್ ಬೇಕಿದ್ದರೆ ಬ್ಲೂಟೂತ್ ಮೂಲಕ ಇನ್ನೊಂದು ಫೋನಿಗೆ ಜೋಡಿಸಬೇಕಿತ್ತು. ತನ್ನದೇ ಫೋನುಗಳ ವ್ಯಾಪಾರಕ್ಕೆ ಅಡ್ಡ ಬಾರದ ಜೊತೆಗಾರನಾಗಿ ಟ್ಯಾಬ್ಲೆಟ್ ಇರಬೇಕೆಂಬ ಎಣಿಕೆ ಅಲ್ಲಿಂದಲೇ ಕಾಣತೊಡಗುತ್ತದೆ.

ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ನಡೆದ ಪ್ರಯತ್ನ ಬೇರೆಯದೇ ಪ್ರಶ್ನೆಯಿಂದ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಮೂಲಮಾದರಿಯಾಗಿ ಹೊರಬಂತು. ಓದು ಬಾರದವರೂ ಬಳಸುವಂತೆ ಚಿತ್ರಗಳನ್ನು ಮುಟ್ಟಿ ನಡೆಸುವ, ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ, ಒಂದೇ ಸಾಧನವನ್ನು ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಳ್ಳುವ ಕಲ್ಪನೆ ಅದರದು. 2004ರಲ್ಲಿ ಪಿಕೊಪೀಟಾ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ‘ಅಮಿಡಾ ಸಿಂಪ್ಯೂಟರ್’ ಎಂದು ಅದನ್ನು ಮಾರುಕಟ್ಟೆಗೆ ತಂದಿತು. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಅಷ್ಟರಲ್ಲಿ ಹಳ್ಳಿಹಳ್ಳಿಗೂ ಬಂದಿದ್ದು 86 ಗ್ರಾಂ ತೂಕದ ನೋಕಿಯಾ 1100ರಂಥ ಸಾದಾ ಮೊಬೈಲ್. 2003ರ ಮೇ ತಿಂಗಳಿಂದ ಒಳಬರುವ ಕರೆಗೆ ಹಣ ಕೊಡಬೇಕಿಲ್ಲ ಎಂದಾದ ಮೇಲೆ ಜನ ಮೊದಲು ಕೊಂಡದ್ದು ಮಾತಾಡುವ ಯಂತ್ರವನ್ನು. ಒಂದು ಮನೆಗೆ ಒಂದೇ ಸಾಧನ ಕೊಳ್ಳುವ ಶಕ್ತಿ ಇದ್ದರೆ ಅದು ಮೊದಲು ಫೋನ್ ಆಗಿರಬೇಕು ಎಂಬ ಪಾಠ ಇಲ್ಲಿ ಸ್ಪಷ್ಟವಾಗಿತ್ತು. ಏಳೆಂಟು ವರ್ಷಗಳ ನಂತರ ಭಾರತದ ಟ್ಯಾಬ್ ವ್ಯಾಪಾರಿಗಳು ನಡೆದದ್ದು ಈ ಪಾಠದ ಮೇಲೆಯೇ.

ಆಪಲ್ ಕಂಪನಿ 2010ರ ಜನವರಿ 27ರಂದು ಐಪ್ಯಾಡ್ ಪ್ರಕಟಿಸಿತು. 3ಜಿ ಇರುವ ಮಾದರಿ ಏಪ್ರಿಲ್ 30ಕ್ಕೆ ಅಮೆರಿಕದ ಅಂಗಡಿಗಳಿಗೆ ಬಂತು. ಅದರಲ್ಲಿ ಮೈಕ್ರೋ ಸಿಮ್ ಇತ್ತು, ಆದರೆ ಕರೆಯ ವ್ಯವಸ್ಥೆ ಇರಲಿಲ್ಲ, ಎಸ್ಸೆಮ್ಮೆಸ್ಸೂ ಇರಲಿಲ್ಲ. ಎಟಿ ಅಂಡ್ ಟಿ ಅದಕ್ಕೆ ಮಾರಿದ್ದು ಡೇಟಾ ಯೋಜನೆ ಮಾತ್ರ: 250 ಎಂಬಿಗೆ ತಿಂಗಳಿಗೆ 14.99 ಡಾಲರ್, ಮಿತಿಯಿಲ್ಲದ ಬಳಕೆಗೆ 29.99 ಡಾಲರ್. 17 ವರ್ಷ ಹಿಂದೆ ಅದೇ ಹೆಸರಿನ ಕಂಪನಿ ಹಣ ಹಾಕಿದ್ದ ಹಲಗೆಗೆ ಇದ್ದ ಮಾತು ಇದಕ್ಕೆ ಇರಲಿಲ್ಲ.

ತಾಂತ್ರಿಕವಾಗಿ ಇದು ಹೇಗೆ ಸಾಧ್ಯ ಎಂಬುದಕ್ಕೆ 2ಜಿ, 3ಜಿ ಜಾಲಗಳ ಕಟ್ಟಡವನ್ನು ನೋಡಬೇಕು. ಆ ಜಾಲಗಳಲ್ಲಿ ಮಾತಿಗೂ ಇಂಟರ್‌ನೆಟ್ಟಿಗೂ ಬೇರೆ ಬೇರೆ ಏರ್ಪಾಡು. ಕರೆ ಮಾಡಿದಾಗ ಎರಡು ತುದಿಗಳ ನಡುವೆ ಒಂದು ದಾರಿಯನ್ನು ಕರೆ ಮುಗಿಯುವ ತನಕ ಅವರಿಬ್ಬರಿಗೇ ಕಾದಿರಿಸಲಾಗುತ್ತದೆ. ಇಂಟರ್‌ನೆಟ್ ಹಾಗಲ್ಲ, ಮಾಹಿತಿ ತುಂಡು ತುಂಡಾಗಿ, ಇದ್ದ ದಾರಿಯಲ್ಲಿ ಹತ್ತಾರು ಮಂದಿಯದರ ಜೊತೆ ಹೋಗುತ್ತದೆ. ಎಸ್ಸೆಮ್ಮೆಸ್ ಮೂರನೆಯ ಬಗೆ. ಕರೆ ಜೋಡಿಸಲು ಫೋನೂ ಗೋಪುರವೂ ತಮ್ಮೊಳಗೆ ಸಂಕೇತ ವಿನಿಮಯ ಮಾಡಿಕೊಳ್ಳುವ ಮಾರ್ಗದಲ್ಲೇ ಅದು ಸಾಗುತ್ತದೆ. ಹೀಗೆ ಮೂರೂ ಬೇರೆಬೇರೆಯಾಗಿ ಇದ್ದುದರಿಂದ ಒಂದನ್ನು ಕೊಟ್ಟು ಇನ್ನೊಂದನ್ನು ತಡೆಹಿಡಿಯುವುದು ಸುಲಭವಾಗಿತ್ತು. ಟ್ಯಾಬ್ ಕೊಂಡವನ ಬಳಿ ಫೋನ್ ಇದ್ದೇ ಇರುತ್ತದೆ, ಅದಕ್ಕೊಂದು ಸಂಪರ್ಕ ಮಾರಿಯಾಗಿದೆ, ಟ್ಯಾಬ್‌ಗೆ ಇನ್ನೊಂದು ಮಾರಬಹುದು ಎಂಬ ಲೆಕ್ಕ ಮೊಬೈಲ್ ಕಂಪನಿಗಳಿಗೂ ಹೊಂದಿತು, ಫೋನನ್ನೂ ಟ್ಯಾಬನ್ನೂ ಮಾರುತ್ತಿದ್ದ ತಯಾರಕರಿಗೂ ಹೊಂದಿತು.

ಈ ಲೆಕ್ಕಾಚಾರ ಎಷ್ಟು ಕೃತಕವೆಂಬುದನ್ನು ಬಯಲು ಮಾಡಿದ್ದು ಸ್ಯಾಮ್ಸಂಗ್‌ನ ಮೊದಲ ‘ಗ್ಯಾಲಕ್ಸಿ ಟ್ಯಾಬ್’. 2010ರ ಸೆಪ್ಟೆಂಬರ್ 2ರಂದು ಬರ್ಲಿನ್ನಿನ ಐಎಫ್‌ಎ ಪ್ರದರ್ಶನದಲ್ಲಿ ಅದನ್ನು ತೋರಿಸಲಾಯಿತು. ಏಳು ಇಂಚಿನ ತೆರೆ, 380 ಗ್ರಾಂ ತೂಕ, 4,000 ಎಂಎಎಚ್ ಬ್ಯಾಟರಿ, ಆಂಡ್ರಾಯ್ಡ್ 2.2. ಯುರೋಪ್ ಮತ್ತು ಏಷ್ಯಾದಲ್ಲಿ ಮಾರಾಟವಾದ ಮಾದರಿ ಪೂರ್ಣ ಪ್ರಮಾಣದ ಫೋನ್ ಆಗಿತ್ತು, ಕರೆಗೂ ಸಂದೇಶಕ್ಕೂ ಬರುತ್ತಿತ್ತು. ಅಮೆರಿಕದ ಮೊಬೈಲ್ ಕಂಪನಿಗಳು ಮಾರಿದ ಅದೇ ಹೆಸರಿನ ಟ್ಯಾಬ್‌ನಲ್ಲಿ ಕರೆಯ ಸೌಲಭ್ಯ ತೆಗೆಯಲಾಗಿತ್ತು. ಭಾರತಕ್ಕೆ ಅದು ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ, ಸುಮಾರು 38,000 ರೂಪಾಯಿಗೆ, ಕರೆಯ ಸೌಲಭ್ಯದ ಸಮೇತ. ಅಂದರೆ ಸಾಗರದ ಆಚೆ ಮೂಕವಾಗಿದ್ದ ಸಾಧನ ಇಲ್ಲಿ ಮಾತಾಡುತ್ತಿತ್ತು. ಕಿವಿಗೆ ಹಿಡಿದು ಕೇಳುವ ಪುಟ್ಟ ಸ್ಪೀಕರ್ ಮಾತ್ರ ಅದರಲ್ಲಿ ಇರಲಿಲ್ಲ. ಮಾತಾಡಬೇಕಾದರೆ ಲೌಡ್‌ಸ್ಪೀಕರ್ ಹಾಕಬೇಕು, ಇಲ್ಲವೇ ಇಯರ್‌ಫೋನ್ ಅಥವಾ ಬ್ಲೂಟೂತ್ ಹೆಡ್‌ಸೆಟ್ ಬಳಸಬೇಕು. ಬಸ್ಸಿನಲ್ಲೋ ಕಚೇರಿಯಲ್ಲೋ ಕರೆ ಬಂದರೆ ಆ ಕಡೆಯವರ ಮಾತು ಸುತ್ತಲಿನವರಿಗೆಲ್ಲ ಕೇಳುವ ಮುಜುಗರ ಈ ಸಾಧನದ ಜೊತೆಗೇ ಬಂತು.

ಭಾರತದಲ್ಲಿ ಇದಕ್ಕೂ ಮೊದಲೇ, 2010ರ ಜುಲೈನಲ್ಲಿ, ಆಲಿವ್ ಟೆಲಿಕಾಂ ‘ಆಲಿವ್ ಪ್ಯಾಡ್’ ಎಂಬ ಏಳು ಇಂಚಿನ ಕಾಲಿಂಗ್ ಟ್ಯಾಬ್ ಪ್ರಕಟಿಸಿತ್ತು. ಡೆಲ್ ಕಂಪನಿಯ ಐದು ಇಂಚಿನ ‘ಸ್ಟ್ರೀಕ್’ ಕೂಡ ಅದೇ ವರ್ಷ ಬಂತು.  

ಆ ಹೊತ್ತಿಗೆ ದೇಶದಲ್ಲಿ 3ಜಿ ಇನ್ನೂ ಹೊಸತು. ತರಂಗಗಳ ಹರಾಜು ಮುಗಿದದ್ದು 2010ರ ಮೇನಲ್ಲಿ. ಏರ್‌ಟೆಲ್ ತನ್ನ 3ಜಿ ಸೇವೆಯನ್ನು 2011ರ ಜನವರಿಯಲ್ಲಿ ಬೆಂಗಳೂರಿನಿಂದ ಆರಂಭಿಸಿತು. ಮನೆಗಳಲ್ಲಿ ವೈಫೈ ಅಪರೂಪ. ವೈಫೈ ಮಾತ್ರ ಇರುವ ಟ್ಯಾಬ್ ಕೊಂಡವರು ಲ್ಯಾಪ್‌ಟಾಪಿಗೆಂದು ತಂದಿದ್ದ, ಸಿಮ್ ಹಾಕುವ ಡಾಂಗಲನ್ನು ಒಂದು ತುಂಡು ವೈರಿನ ಮೂಲಕ ಟ್ಯಾಬ್‌ಗೆ ಸಿಕ್ಕಿಸಿ ನೇತುಬಿಡುತ್ತಿದ್ದರು. 2012ರ ಏಪ್ರಿಲ್‌ನಲ್ಲಿ 6,499 ರೂಪಾಯಿಗೆ ಬಂದ ಮೈಕ್ರೋಮ್ಯಾಕ್ಸ್ ‘ಫನ್‌ಬುಕ್’ ಕೂಡ ಹೀಗೆ ಡಾಂಗಲ್ ನಂಬಿದ ಟ್ಯಾಬೇ. ಡಾಂಗಲ್ ಇಲ್ಲದೆ ಸಿಮ್ಮನ್ನೇ ಒಳಗೆ ಹಾಕುವ ಅನುಕೂಲಕ್ಕೆ ಜನ ಹಾತೊರೆಯುತ್ತಿದ್ದುದು ಸಹಜ. ಸಿಮ್ ಹಾಕಿದ ಮೇಲೆ ಫೋನೂ ಆಗಲಿ ಎಂಬುದು ಮುಂದಿನ ಹೆಜ್ಜೆ. 2011ರ ಆಗಸ್ಟಿನಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ 12,999 ರೂಪಾಯಿಗೆ ಏಳು ಇಂಚಿನ 3ಜಿ ಟ್ಯಾಬ್ ಮಾರಾಟಕ್ಕಿಟ್ಟಿತು. ಜೆಡ್‌ಟಿಇ ತಯಾರಿಸಿದ ಆ ಟ್ಯಾಬ್‌ನಿಂದ ಕರೆ ಮಾಡಬಹುದಿತ್ತು. ಅಮೆರಿಕದ ಮೊಬೈಲ್ ಕಂಪನಿಗಳು ಕರೆಯನ್ನು ಕಿತ್ತುಹಾಕಿದ್ದರೆ ಇಲ್ಲಿನ ಮೊಬೈಲ್ ಕಂಪನಿಯೇ ಕರೆ ಮಾಡುವ ಟ್ಯಾಬನ್ನು ತನ್ನ ಹೆಸರಿನಲ್ಲಿ ಮಾರುತ್ತಿತ್ತು. ಇಲ್ಲಿನ ಸಂಪರ್ಕಗಳು ಬಹುಪಾಲು ಪ್ರೀಪೇಯ್ಡ್. ತಿಂಗಳ ಬಿಲ್ಲಿನಲ್ಲಿ ಎರಡನೆಯ ಸಾಲು ಸೇರಿಸುವ ಆಸೆಗೆ ಇಲ್ಲಿ ಅವಕಾಶವೇ ಕಡಿಮೆ. ಯಾವ ಸಾಧನದಿಂದಾದರೂ ಸರಿ, ಮಾತಾಡಿದಷ್ಟೂ ರೀಚಾರ್ಜ್ ಆಗುತ್ತದೆ ಎಂಬ ಲೆಕ್ಕ ಇಲ್ಲಿನ ಕಂಪನಿಗಳದು.

2011ರ ಅಕ್ಟೋಬರ್ 5ರಂದು ಕೇಂದ್ರ ಸಚಿವ ಕಪಿಲ್ ಸಿಬಲ್ ದೆಹಲಿಯಲ್ಲಿ ‘ಆಕಾಶ್’ ಬಿಡುಗಡೆ ಮಾಡಿದರು. ರಾಜಸ್ಥಾನದ ಐಐಟಿಯ ಸಹಯೋಗದಲ್ಲಿ ಡೇಟಾವಿಂಡ್ ಕಂಪನಿ ಪೂರೈಸಿದ ಈ ವಿದ್ಯಾರ್ಥಿ ಟ್ಯಾಬ್‌ಗೆ ಸರ್ಕಾರ ಕೊಟ್ಟ ಬೆಲೆ ಸುಮಾರು 2,250 ರೂಪಾಯಿ. ಅದರಲ್ಲಿ ವೈಫೈ ಮಾತ್ರ ಇತ್ತು, ಒತ್ತಿದರಷ್ಟೇ ಕೇಳುವ ತೆರೆ, 366 ಮೆಗಾಹರ್ಟ್ಸ್ ಚಿಪ್. ಹೆಚ್ಚು ಸದ್ದು ಮಾಡಿದ್ದು ಆಕಾಶ್ ಆದರೂ ಈ ಚರಿತ್ರೆಗೆ ಮುಖ್ಯವಾದದ್ದು ಅದರ ಮಾರುಕಟ್ಟೆಯ ರೂಪವಾದ ‘ಯೂಬಿಸ್ಲೇಟ್’. 2,999 ರೂಪಾಯಿಯ ಆ ಟ್ಯಾಬ್‌ನಲ್ಲಿ ಸಿಮ್ ಇತ್ತು, ಕರೆ ಇತ್ತು, ಜಿಪಿಆರ್‌ಎಸ್ ಇಂಟರ್‌ನೆಟ್ ಇತ್ತು. ಮೂರು ಸಾವಿರಕ್ಕೆ ಒಂದು ಕಂಪ್ಯೂಟರ್, ಅದೇ ಫೋನ್ ಕೂಡ ಎಂಬ ಮಾತು ಮೊಟ್ಟಮೊದಲ ಬಾರಿಗೆ ಮಧ್ಯಮ ವರ್ಗದ ಕೆಳಗಿನವರ ಕಿವಿಗೂ ಬಿದ್ದದ್ದು ಆಗ. 2ಜಿಯ ಮಿತಿಗಳು ಅದಕ್ಕಿದ್ದವು. ಕರೆ ಬಂತೆಂದರೆ ಇಂಟರ್‌ನೆಟ್ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮತ್ತೆ ತೆವಳತೊಡಗುತ್ತದೆ. ಸರಬರಾಜೂ ತಡವಾಯಿತು, ಸರ್ಕಾರಿ ಯೋಜನೆ ಬಾಂಬೆ ಐಐಟಿಗೆ ವರ್ಗವಾಯಿತು, 2012ರ ನವೆಂಬರಿನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ‘ಆಕಾಶ್ 2’ ಬಿಡುಗಡೆ ಮಾಡಿದರು. ಆಕಾಶ್ ಯೋಜನೆ ಸೋತಿತೆಂದು ಬರೆದವರು ಅನೇಕರು. ವಿದ್ಯಾರ್ಥಿಗಳಿಗೆ ಮುಟ್ಟಿದ ಲೆಕ್ಕದಲ್ಲಿ ಆ ಮಾತು ಒಪ್ಪತಕ್ಕದ್ದೇ. ಆದರೆ ಅದು ಹುಟ್ಟಿಸಿದ ಬೆಲೆಯ ನಿರೀಕ್ಷೆ ಇಡೀ ಮಾರುಕಟ್ಟೆಯನ್ನು ಕೆಳಗೆಳೆಯಿತು.

ಮುಂದಿನ ಎರಡು ವರ್ಷ ಕಾಲಿಂಗ್ ಟ್ಯಾಬ್‌ನ ಸುಗ್ಗಿ. ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ, ಐಬಾಲ್, ಸ್ವೈಪ್, ಜಿಂಕ್ ಎಂದು ಹೆಸರುಗಳ ಸಾಲು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳ ಮೊಬೈಲ್ ಮಳಿಗೆಗಳವರೆಗೆ ಚೀನಾದಲ್ಲಿ ತಯಾರಾದ ಏಳು ಇಂಚಿನ ಟ್ಯಾಬ್‌ಗಳು ತುಂಬಿದವು. ಎರಡು ಸಿಮ್, ಎಫ್‌ಎಂ ರೇಡಿಯೋ, ಮೆಮೊರಿ ಕಾರ್ಡ್ ಎಂದು ಸಾದಾ ಮೊಬೈಲ್‌ನಲ್ಲಿ ಜನ ಕೇಳುತ್ತಿದ್ದುದೆಲ್ಲ ಟ್ಯಾಬ್‌ನ ಪೆಟ್ಟಿಗೆಯ ಮೇಲೂ ಅಚ್ಚಾಯಿತು. ಭಾರತದ ಗ್ರಾಹಕ ಹೀಗೆ ಕೇಳುತ್ತಾನೆ ಎಂಬುದು ದೊಡ್ಡ ಕಂಪನಿಗಳಿಗೂ ತಿಳಿಯಿತು. ಆಸುಸ್ ಕಂಪನಿ 2013ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ ‘ಫೋನ್‌ಪ್ಯಾಡ್’ ತೋರಿಸಿ ಏಪ್ರಿಲ್‌ಗೆ ಭಾರತಕ್ಕೆ ತಂದಿತು. ಬೆಲೆ 15,999 ರೂಪಾಯಿ. ಇಂಟೆಲ್ ಚಿಪ್‌ನ, 340 ಗ್ರಾಂ ತೂಕದ ಈ ಟ್ಯಾಬ್‌ನಲ್ಲಿ ಕಿವಿಗೆ ಹಿಡಿಯುವ ಸ್ಪೀಕರ್ ಇತ್ತು. ಅಗಲವಾದ ಆ ಹಲಗೆಯನ್ನು ಮುಖದ ಪಕ್ಕಕ್ಕೆ ಹಿಡಿದು ಮಾತಾಡುವುದನ್ನು ಪಾಶ್ಚಾತ್ಯ ವಿಮರ್ಶಕರು ಹಾಸ್ಯ ಮಾಡಿದರು. ಸ್ಯಾಮ್ಸಂಗ್‌ನ ಎಂಟು ಇಂಚಿನ ‘ನೋಟ್ 8.0’ಗೂ ಅದೇ ಮಾತು ಕೇಳಿಬಂತು. ಆ ಹಾಸ್ಯಕ್ಕೆ ಹುರುಳಿಲ್ಲ. ಎರಡು ಸಾಧನ ಕೊಳ್ಳಲಾರದವರಿಗೆ, ಅಥವಾ ಎರಡನ್ನು ಹೊತ್ತು ತಿರುಗಲು ಮನಸ್ಸಿಲ್ಲದವರಿಗೆ ಅದು ತೀರಾ ವ್ಯಾವಹಾರಿಕ ಉತ್ತರವಾಗಿತ್ತು.

ಈ ಅಲೆಯ ಎತ್ತರ ತಿಳಿಯಲು ಎಚ್‌ಪಿಯ ನಡೆಯೊಂದೇ ಸಾಕು. ಪಾಮ್ ಕಂಪನಿಯನ್ನು ಕೊಂಡು ಫೋನ್ ಕ್ಷೇತ್ರಕ್ಕೆ ಕೈಹಾಕಿದ್ದ ಎಚ್‌ಪಿ 2011ರಲ್ಲಿ ಆ ವ್ಯವಹಾರವನ್ನೇ ನಿಲ್ಲಿಸಿತ್ತು. ಅದು ಮತ್ತೆ ಕರೆ ಮಾಡುವ ಸಾಧನ ಮಾಡಲು ನಿರ್ಧರಿಸಿದಾಗ ಆರಿಸಿಕೊಂಡದ್ದು ಭಾರತವನ್ನು. 2014ರ ಜನವರಿಯಲ್ಲಿ ಪ್ರಕಟವಾದ ‘ಸ್ಲೇಟ್ 6’ ಮತ್ತು ‘ಸ್ಲೇಟ್ 7 ವಾಯ್ಸ್‌ಟ್ಯಾಬ್’ ಎರಡೂ ಮೊದಲು ಮಾರಾಟವಾದದ್ದು ಇಲ್ಲಿ, ಎರಡರಲ್ಲೂ ಎರಡೆರಡು ಸಿಮ್. ಅಮೆರಿಕದ ಹಳೆಯ ಕಂಪ್ಯೂಟರ್ ಕಂಪನಿಯೊಂದು ತನ್ನ ತವರಿನಲ್ಲಿ ಮಾರದ ಬಗೆಯ ಸಾಧನವನ್ನು ಭಾರತದ ರೂಢಿಗೆ ತಕ್ಕಂತೆ ಮಾಡಿಸಿ ಇಲ್ಲಿಂದ ಶುರು ಮಾಡಿದ್ದು ಸಣ್ಣ ಸಂಗತಿಯಲ್ಲ.

ಟ್ಯಾಬ್‌ನಿಂದ ಸಂದೇಶ ಕಳಿಸುವ ಕಥೆಗೆ ಬೇರೆ ತಿರುವುಗಳಿವೆ. ಎಸ್ಸೆಮ್ಮೆಸ್ ಹುಟ್ಟಿದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನ ವೊಡಾಫೋನ್ ಜಾಲದಲ್ಲಿ. ನೀಲ್ ಪಾಪ್‌ವರ್ತ್ ಎಂಬ ಯುವ ಎಂಜಿನಿಯರ್ ಕಂಪ್ಯೂಟರಿನಿಂದ ಕ್ರಿಸ್‌ಮಸ್ ಶುಭಾಶಯ ಕಳಿಸಿದರು. ಒಂದು ಸಂದೇಶಕ್ಕೆ 160 ಅಕ್ಷರ ಎಂಬ ಮಿತಿ ಇಂಗ್ಲಿಷ್ ಲಿಪಿಯ ಲೆಕ್ಕ. ಕನ್ನಡದಂಥ ಲಿಪಿಯಲ್ಲಿ ಬರೆದರೆ ಯೂನಿಕೋಡ್ ಕ್ರಮ ಬಳಸಬೇಕಾಗಿ ಮಿತಿ 70ಕ್ಕೆ ಇಳಿಯುತ್ತದೆ. ಅದರಲ್ಲೂ ಗುಣಿತ, ಒತ್ತು ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ‘ನಮಸ್ಕಾರ’ ಎಂದರೆ ಏಳು ಅಕ್ಷರ ಖರ್ಚು. 70 ದಾಟಿದರೆ ಸಂದೇಶ ಒಡೆದು ಎರಡಾಗುತ್ತದೆ, ಒಂದೊಂದಕ್ಕೂ ದುಡ್ಡು ಕಡಿತ. ಅಂತರರಾಷ್ಟ್ರೀಯ ಮಾನಕದಲ್ಲಿ ಮುಂದೆ ಕನ್ನಡ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಪ್ರತ್ಯೇಕ ಅಕ್ಷರ ಕೋಷ್ಟಕ ಒದಗಿಸಿ ಈ ಕೊರತೆ ನೀಗಿಸಲು ಯತ್ನಿಸಲಾಯಿತು. ಸಾಧನಗಳು ಬಹುಪಾಲು ಹಳೆಯ ದಾರಿಯಲ್ಲೇ ಉಳಿದವು. ಇನ್ನು ಮೊದಲ ತಲೆಮಾರಿನ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕನ್ನಡದ ಸಂದೇಶ ಬಂದರೆ ಕಾಣುತ್ತಿದ್ದುದು ಸಾಲುಸಾಲು ಚೌಕಗಳು. 2012ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳನ್ನು ತಾನಾಗಿಯೇ ತೋರಿಸತೊಡಗಿತು. ಇಡೀ ವಾಕ್ಯ ಒಂದೇ ಸಾಲಿನಲ್ಲಿ ಹಿಡಿಸುವ ಏಳು ಇಂಚಿನ ತೆರೆಯಲ್ಲಿ ಕನ್ನಡ ಓದುವುದು, ಅಗಲವಾದ ಕೀಲಿಗಳ ಮೇಲೆ ಒತ್ತಕ್ಷರ ಮೂಡಿಸುವುದು ಸಣ್ಣ ಫೋನಿಗಿಂತ ಸಲೀಸು. ಕಣ್ಣು ಮಂಜಾದ ಹಿರಿಯರಿಗೆ ಅದರ ಬೆಲೆ ಹೆಚ್ಚು.

ಹರಟೆಯ ಎಸ್ಸೆಮ್ಮೆಸ್ ಹೆಚ್ಚು ದಿನ ಬಾಳಲಿಲ್ಲ. ವಾಟ್ಸ್‌ಆ್ಯಪ್ ಅದನ್ನು ನುಂಗಿತು. ಆದರೆ ಎಸ್ಸೆಮ್ಮೆಸ್‌ಗೆ ಇನ್ನೊಂದು ಕೆಲಸ ಸಿಕ್ಕಿತು, ಅದು ಇಂದಿಗೂ ಮುಗಿದಿಲ್ಲ. 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಇನ್ನೊಂದು ಹಂತದ ದೃಢೀಕರಣ ಕಡ್ಡಾಯವೆಂದು ರಿಸರ್ವ್ ಬ್ಯಾಂಕ್ ವಿಧಿಸಿತು. ಕ್ರಮೇಣ ಅದು ಎಸ್ಸೆಮ್ಮೆಸ್‌ನಲ್ಲಿ ಬರುವ ಒಟಿಪಿಯ ರೂಪ ತಳೆಯಿತು. ಆಧಾರ್, ಗ್ಯಾಸ್, ರೈಲು ಟಿಕೆಟ್, ಪರೀಕ್ಷೆಯ ಅರ್ಜಿ ಎಲ್ಲಕ್ಕೂ ಒಟಿಪಿ ಬಂತು. ಯುಪಿಐ 2016ರಲ್ಲಿ ಆರಂಭವಾದಾಗ ಬೇಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಸಂದೇಶ ಬಂದರೆ ಸಾಲದು. ಹಣ ಪಾವತಿಯ ಆ್ಯಪ್ ನೋಂದಾಯಿಸುವಾಗ ಬ್ಯಾಂಕಿಗೆ ಜೋಡಿಸಿದ ಸಿಮ್ಮಿನಿಂದ, ಅದೇ ಸಾಧನದಿಂದ ಒಂದು ಎಸ್ಸೆಮ್ಮೆಸ್ ಹೊರಹೋಗಬೇಕು. ಡೇಟಾ ಮಾತ್ರ ಇರುವ ಟ್ಯಾಬ್ ಎಷ್ಟೇ ದುಬಾರಿಯಾಗಿರಲಿ ಇಲ್ಲಿ ನಿಂತುಬಿಡುತ್ತದೆ, ಅಗ್ಗದ ಕಾಲಿಂಗ್ ಟ್ಯಾಬ್ ದಾಟುತ್ತದೆ. ಟ್ಯಾಬ್‌ನಲ್ಲಿ ಎಸ್ಸೆಮ್ಮೆಸ್ ಇರುವುದರ ನಿಜವಾದ ಮಹತ್ವ ಭಾರತದ ಮಟ್ಟಿಗೆ ಇದೇ.

4ಜಿ ಬಂದಾಗ ಹಳೆಯ ಏರ್ಪಾಡೆಲ್ಲ ಅಲುಗಿತು. ಆ ಜಾಲದಲ್ಲಿ ಮಾತಿಗೆಂದು ಕಾದಿರಿಸಿದ ದಾರಿಯೇ ಇಲ್ಲ, ಎಲ್ಲವೂ ಇಂಟರ್‌ನೆಟ್‌ನಂತೆ ತುಂಡುತುಂಡಾಗಿಯೇ ಹೋಗಬೇಕು. ಏರ್‌ಟೆಲ್ 2012ರಲ್ಲಿ ಕೋಲ್ಕತ್ತದ ನಂತರ ಬೆಂಗಳೂರಿನಲ್ಲಿ ಕೊಟ್ಟ 4ಜಿ ಎಂದರೆ ಡಾಂಗಲ್‌ಗಳ ಮೂಲಕ ಬರುವ ಡೇಟಾ ಮಾತ್ರ. 2014ರ ಆರಂಭದಲ್ಲಿ ಅದೇ ಬೆಂಗಳೂರಿನಲ್ಲಿ ಮೊಬೈಲ್ ಫೋನ್‌ಗೂ 4ಜಿ ಬಂದಾಗ ಕರೆ ಮಾತ್ರ ಹಳೆಯ ಜಾಲಕ್ಕೆ ಇಳಿದು ನಡೆಯುತ್ತಿತ್ತು. ಮಾತನ್ನೇ 4ಜಿಯ ಮೇಲೆ ಸಾಗಿಸುವ ವೋಲ್ಟೆ ಕ್ರಮವನ್ನು ಅಮೆರಿಕ ಮತ್ತು ಕೊರಿಯಾದ ಕಂಪನಿಗಳು 2012ರ ಆಗಸ್ಟಿನಲ್ಲಿ ವಾಣಿಜ್ಯ ಬಳಕೆಗೆ ತಂದವು.

ಭಾರತದಲ್ಲಿ ಮಾತು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಲೈಸೆನ್ಸಿನ ವಿಷಯವಾಗಿತ್ತು. 2010ರ ಬ್ರಾಡ್‌ಬ್ಯಾಂಡ್ ತರಂಗ ಹರಾಜಿನಲ್ಲಿ ಇನ್ಫೋಟೆಲ್ ಬ್ರಾಡ್‌ಬ್ಯಾಂಡ್ 22 ವಲಯಗಳಲ್ಲೂ ಗೆದ್ದು, ಕೂಡಲೇ ರಿಲಯನ್ಸ್ ಇಂಡಸ್ಟ್ರೀಸ್‌ನ ಪಾಲಾಯಿತು. ಇಂಟರ್‌ನೆಟ್ ಸೇವೆಯ ಲೈಸೆನ್ಸ್ ಇದ್ದ ಆ ಕಂಪನಿ ಕರೆಯ ಸೇವೆ ಕೊಡುವಂತಿರಲಿಲ್ಲ. 2013ರಲ್ಲಿ ಹೊಸ ಏಕೀಕೃತ ಲೈಸೆನ್ಸ್ ನೀತಿ ಬಂದಾಗ 1,658 ಕೋಟಿ ರೂಪಾಯಿ ಕಟ್ಟಿ ಆ ಹಕ್ಕು ಪಡೆಯಿತು. ಸರ್ಕಾರ ಕೊಟ್ಟ ಈ ಅನುಮತಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಹೆಸರಿನಲ್ಲಿ ಸೇವೆ ಶುರುವಾದಾಗ ಅದಕ್ಕೆ 2ಜಿಯೂ ಇರಲಿಲ್ಲ, 3ಜಿಯೂ ಇರಲಿಲ್ಲ, ಕರೆಯೆಲ್ಲ ವೋಲ್ಟೆಯಲ್ಲೇ. ವೋಲ್ಟೆ ಬಾರದ 4ಜಿ ಸಾಧನಗಳಿಗೆ ಜಿಯೋ ಒಂದು ಆ್ಯಪ್ ಕೊಟ್ಟಿತು. ಅದನ್ನು ಹಾಕಿಕೊಂಡರೆ ಸಿಮ್ಮಿನ ಸಂಖ್ಯೆಯಿಂದಲೇ ಕರೆ ಹೋಗುತ್ತಿತ್ತು. ಕರೆಯ ಗುಂಡಿಯಿಲ್ಲದ ಎಷ್ಟೋ ಟ್ಯಾಬ್‌ಗಳಿಗೆ ಹೀಗೆ ತಡವಾಗಿ ಬಾಯಿ ಬಂತು.

ಸಿಮ್ಮಿನ ಹಂಗಿಲ್ಲದೆ, ಫೋನಿನ ಸಂಖ್ಯೆಯನ್ನು ಎರವಲು ಪಡೆದು ಮಾತಾಡುವ ದಾರಿಗಳೂ ಇದೇ ದಶಕದಲ್ಲಿ ಬೆಳೆದವು. ಆಪಲ್ 2011ರಲ್ಲಿ ಐಮೆಸೇಜ್ ತಂದಿತು, 2014ರಲ್ಲಿ ಐಫೋನಿಗೆ ಬಂದ ಕರೆಯನ್ನು ಐಪ್ಯಾಡ್‌ನಲ್ಲಿ ಎತ್ತುವ, ಐಫೋನಿನ ಮೂಲಕ ಎಸ್ಸೆಮ್ಮೆಸ್ ಕಳಿಸುವ ವ್ಯವಸ್ಥೆ ಕೊಟ್ಟಿತು. ಅಮೆರಿಕದಲ್ಲಿ ಎಟಿ ಅಂಡ್ ಟಿ 2015ರಲ್ಲಿ, ಟಿ-ಮೊಬೈಲ್ 2017ರಲ್ಲಿ ಒಂದೇ ಸಂಖ್ಯೆಯನ್ನು ಫೋನು, ಟ್ಯಾಬು, ಕೈಗಡಿಯಾರಗಳಿಗೆ ಹಂಚುವ ಸೇವೆ ಆರಂಭಿಸಿದವು. ಭಾರತದಲ್ಲಿ ಇಂಟರ್‌ನೆಟ್ ಮೂಲಕ ದೇಶದೊಳಗಿನ ಸಾಮಾನ್ಯ ಫೋನಿಗೆ ಕರೆ ಮಾಡಲು ಬಹುಕಾಲ ಅವಕಾಶವಿರಲಿಲ್ಲ. 2018ರಲ್ಲಿ ನಿಯಮ ಸಡಿಲವಾದ ಮೇಲೆ ಬಿಎಸ್ಸೆನ್ನೆಲ್ ‘ವಿಂಗ್ಸ್’ ಸೇವೆ ತೆರೆಯಿತು. ವರ್ಷಕ್ಕೆ 1,099 ರೂಪಾಯಿಗೆ ಆ್ಯಪ್‌ನಲ್ಲೇ ಹತ್ತಂಕಿಯ ಸಂಖ್ಯೆ ಕೊಡುತ್ತಿತ್ತು, ಸಿಮ್ ಬೇಕಿರಲಿಲ್ಲ. ವಾಟ್ಸ್‌ಆ್ಯಪ್ 2015ರಲ್ಲಿ ಮಾತಿನ ಕರೆ, 2016ರಲ್ಲಿ ವಿಡಿಯೋ ಕರೆ ತಂದಿತ್ತಾದರೂ ಐಪ್ಯಾಡ್‌ಗೆ ಅದರ ಅಧಿಕೃತ ಆ್ಯಪ್ ಬಂದದ್ದು 2025ರಲ್ಲಿ.

ಕಾಲಿಂಗ್ ಟ್ಯಾಬ್‌ನ ಸುಗ್ಗಿ ಇಳಿದದ್ದು ಫೋನೇ ದೊಡ್ಡದಾದ್ದರಿಂದ. 2011ರ ಅಕ್ಟೋಬರಿನಲ್ಲಿ 5.3 ಇಂಚಿನ ‘ಗ್ಯಾಲಕ್ಸಿ ನೋಟ್’ ಬಂದಾಗ ಅತಿಯಾಯಿತೆಂದವರಿದ್ದರು. 2014ರಲ್ಲಿ ಆಪಲ್ ಕೂಡ 5.5 ಇಂಚಿಗೆ ಬಂತು, 2016ರ ‘ಮಿ ಮ್ಯಾಕ್ಸ್’ 6.44 ಇಂಚು. ಏಳು ಇಂಚಿನ ಟ್ಯಾಬ್ ಕೊಟ್ಟಿದ್ದ ಅನುಕೂಲ ಜೇಬಿನೊಳಗೇ ಸೇರಿತು. ಮೂರು ಸಾವಿರದ ಟ್ಯಾಬ್‌ಗಳು ಅಂಗಡಿಗಳಿಂದ ಮರೆಯಾದವು. ಆದರೂ ಬೇಡಿಕೆ ಸತ್ತಿಲ್ಲ. ಸ್ಯಾಮ್ಸಂಗ್, ಲೆನೊವೊ ಮೊದಲಾದವರ ಕೆಲವು ಎಂಟು, ಹತ್ತು ಇಂಚಿನ ಮಾದರಿಗಳು ಭಾರತದಲ್ಲಿ ಇಂದಿಗೂ ಕರೆಯ ಸೌಲಭ್ಯದೊಂದಿಗೆ ಸಿಗುತ್ತವೆ. ಸಿಮ್ ಹಾಕುವ ಐಪ್ಯಾಡ್ ಮಾತ್ರ ಮೊದಲ ದಿನದಂತೆಯೇ ತನ್ನ ಸಿಮ್ಮಿನಿಂದ ಕರೆ ಮಾಡದು.

ಈ ವ್ಯತ್ಯಾಸ ಮನೆಯಲ್ಲಿ ಹಿರಿಯರಿಗೋ ಮಕ್ಕಳಿಗೋ ಟ್ಯಾಬ್ ಕೊಡಿಸುವವರಿಗೆ ಇಂದಿಗೂ ಮುಖ್ಯ. ಪೆಟ್ಟಿಗೆಯ ಮೇಲೆ ‘4ಜಿ’, ‘5ಜಿ’ ಅಥವಾ ‘ಸೆಲ್ಯುಲಾರ್’ ಎಂದಿದ್ದ ಮಾತ್ರಕ್ಕೆ ಅದು ಫೋನ್ ಆಗುವುದಿಲ್ಲ. ಡೇಟಾ ಮಾತ್ರದ ಟ್ಯಾಬ್‌ನಿಂದ 108ಕ್ಕಾಗಲಿ 112ಕ್ಕಾಗಲಿ ನೇರವಾಗಿ ಕರೆ ಮಾಡಲು ಬಾರದು, ಬ್ಯಾಂಕಿನ ಸಿಮ್ ಹಾಕಿದರೂ ಯುಪಿಐ ನೋಂದಣಿ ಆಗದು. ಹಣ ಕೊಡುವ ಮೊದಲು ಅಂಗಡಿಯಲ್ಲೇ ತಮ್ಮ ಸಿಮ್ ಹಾಕಿಸಿ, ಒಂದು ಕರೆ ಮಾಡಿ, ಒಂದು ಎಸ್ಸೆಮ್ಮೆಸ್ ಕಳಿಸಿ ನೋಡಬೇಕು.